ಹವಾಮಾನವೋ ವಾಯುಗುಣವೋ: ತರಬೇತಿಯ ಪರಿಭಾಷೆಯ ವಿಮರ್ಶೆ

ಅಭಿವೃದ್ಧಿ ಕಾರ್ಯದಲ್ಲಿ ತೊಡಗಿದ ನೌಕರರಿಗೆ ಪರಿಸರದ ಮತ್ತು ವಾಯುಗುಣ ಬದಲಾವಣೆಯ ವಿಷಯದಲ್ಲಿ ಶಿಕ್ಷಣ ಕೊಡುವ ಸಂಸ್ಥೆಗಳು ಹೈದರಾಬಾದಿನಲ್ಲಿ ಹಲವಿವೆ. ೧೯೫೮ರಲ್ಲಿ ಮಸ್ಸೂರಿಯಲ್ಲಿ ಹುಟ್ಟಿ ಅರುವತ್ತರ ದಶಕದಲ್ಲಿ ರಾಜೇಂದ್ರನಗರಕ್ಕೆ ಬಂದ ರಾಷ್ಟ್ರೀಯ ಗ್ರಾಮೀಣಾಭಿವೃದ್ಧಿ ಸಂಸ್ಥೆ, ೧೯೮೫ರಲ್ಲಿ ಸ್ಥಾಪಿತವಾದ ಕೇಂದ್ರೀಯ ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ, ೧೯೯೨ರಲ್ಲಿ ಆರಂಭವಾದ ಪರಿಸರ ಸಂರಕ್ಷಣ ತರಬೇತಿ ಮತ್ತು ಸಂಶೋಧನಾ ಸಂಸ್ಥೆ ಇವು ಅವುಗಳಲ್ಲಿ ಮುಖ್ಯವಾದವು. ಇವುಗಳ ಉಪಯುಕ್ತತೆಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ರಾಯಚೂರು, ಕಲಬುರಗಿ, ಬೀದರ ಜಿಲ್ಲೆಗಳ ನೌಕರನೊಬ್ಬನು ಇಂಥ ಶಿಬಿರದಲ್ಲಿ ಇಂಗ್ಲಿಷಿನಲ್ಲಿ ಕಲಿತು ಊರಿಗೆ ಹಿಂದಿರುಗಿ ರೈತನ ಮುಂದೆ ನಿಂತಾಗ ಯಾವ ಮಾತಿನಲ್ಲಿ ವಿಷಯವನ್ನು ತಿಳಿಸುತ್ತಾನೆ? ಭಾಷಾವಿಮರ್ಶೆಗೆ ಸೇರಿದ ಈ ಪ್ರಶ್ನೆಯನ್ನು ನಮ್ಮಂಥ ಹೊರನಾಡಿನ ಕನ್ನಡಿಗರು ವಿಚಾರಿಸುವುದು ಉಚಿತವೆಂದು ತೋರುತ್ತದೆ.

ಮೊದಲನೆಯ ತೊಡಕು ಹೆಸರಿನಲ್ಲಿಯೇ ಇದೆ. ಕನ್ನಡದ ಭೂಗೋಳ ಪಠ್ಯಗಳು ದಿನದಿನದ ಮಳೆಬಿಸಿಲುಗಳ ಸ್ಥಿತಿಗೆ ಹವಾಮಾನವೆಂದೂ, ಒಂದು ಪ್ರದೇಶದಲ್ಲಿ ಬಹುಕಾಲ ಕಂಡುಬರುವ ಸರಾಸರಿ ಸ್ಥಿತಿಗೆ ವಾಯುಗುಣವೆಂದೂ ಬೇರೆ ಬೇರೆ ಹೆಸರುಗಳನ್ನು ಕೊಟ್ಟಿವೆ. ವಿಜ್ಞಾನಿಗಳು ಈ ಎರಡನೆಯದನ್ನು ಸಾಮಾನ್ಯವಾಗಿ ಮೂವತ್ತು ವರ್ಷಗಳ ಅಳತೆಯಿಂದ ನಿರ್ಣಯಿಸುತ್ತಾರೆ. ಒಂದು ಮಾನ, ಇನ್ನೊಂದು ಗುಣ. ಇಷ್ಟು ಸೊಗಸಾದ ವಿವೇಚನೆ ನಮ್ಮಲ್ಲಿರುವಾಗ ಪತ್ರಿಕೆಗಳೂ ಸರ್ಕಾರೀ ಕಾಗದಗಳೂ 'ಹವಾಮಾನ ಬದಲಾವಣೆ', 'ಹವಾಮಾನ ವೈಪರೀತ್ಯ' ಎಂಬ ಮಾತುಗಳನ್ನು ರೂಢಿಸಿ ಎರಡನ್ನೂ ಒಂದಾಗಿಸಿಬಿಟ್ಟಿವೆ. ಹೈದರಾಬಾದಿನ ತರಗತಿಯಲ್ಲಿ ತೊಡಕು ಇನ್ನೂ ಹೆಚ್ಚುತ್ತದೆ. ನಾವು ಹವಾಮಾನವೆನ್ನುವುದನ್ನು ತೆಲುಗರು 'ವಾತಾವರಣ'ವೆನ್ನುತ್ತಾರೆ. ನಮಗಾದರೋ ವಾತಾವರಣವೆಂದರೆ ಭೂಮಿಯನ್ನು ಸುತ್ತಿಕೊಂಡಿರುವ ಗಾಳಿಯ ಹೊದಿಕೆ. ಅವರ ಪಠ್ಯಗಳಲ್ಲಿ ವಾಯುಗುಣಕ್ಕೆ 'ಶೀತೋಷ್ಣಸ್ಥಿತಿ' ಎಂಬ ಬೇರೆಯೇ ಪದವಿದೆ.

ಹವಾಮಾನವು ಬದಲಾಗುವುದು ಅದರ ಸ್ವಭಾವವೇ ಆಗಿದೆ. ಆದ್ದರಿಂದ 'ಹವಾಮಾನ ಬದಲಾಗುತ್ತಿದೆ' ಎಂದು ನೌಕರನು ಹೇಳಿದರೆ, 'ಅದು ಯಾವಾಗ ಬದಲಾಗಿರಲಿಲ್ಲ?' ಎಂದು ರೈತನು ಕೇಳುವುದು ನ್ಯಾಯವಾಗಿಯೇ ಇದೆ. ವಿಚಿತ್ರವೆಂದರೆ, ನಮ್ಮ ಕಾಗದಗಳು ಕಳೆದುಕೊಂಡ ಈ ಭೇದವು ಒಕ್ಕಲಿಗನ ಮಾತಿನಲ್ಲಿ ಉಳಿದುಕೊಂಡಿದೆ. ರೋಹಿಣಿ, ಮೃಗಶಿರ, ಆರಿದ್ರ ಎಂದು ಹದಿಮೂರು ಹದಿನಾಲ್ಕು ದಿನಗಳಿಗೊಂದರಂತೆ ಮಳೆಗಳನ್ನು ಎಣಿಸುವ ಕ್ರಮವು ತಲೆಮಾರುಗಳ ಅನುಭವದಿಂದ ಸಿದ್ಧವಾದ ಸರಾಸರಿ, ಅಂದರೆ ವಾಯುಗುಣದ ಜ್ಞಾನ. 'ಈ ವರ್ಷ ಮೃಗಶಿರ ಕೈಕೊಟ್ಟಿತು' ಎನ್ನುವಾಗ ಅವನು ಈ ಸಲದ ಹವಾಮಾನವನ್ನು ಆ ಸರಾಸರಿಯೊಡನೆ ಹೋಲಿಸುತ್ತಿರುತ್ತಾನೆ. ತರಬೇತಿಯ ಮೊದಲ ಪಾಠವು ಇಲ್ಲಿಂದ ಹೊರಡಬಹುದು. ನೆನಪು ಅಳತೆಯ ಸ್ಥಾನವನ್ನು ತುಂಬಲಾರದೆಂಬ ಆಕ್ಷೇಪವು ಸರಿಯೇ. ಆದರೆ ಅಳತೆಯನ್ನೂ ರೈತನ ಕೈಗೆ ಕೊಡಬಹುದೆಂಬುದಕ್ಕೆ ನಿದರ್ಶನವಿದೆ. ೨೦೦೩ರಲ್ಲಿ ಆಗಿನ ಆಂಧ್ರಪ್ರದೇಶದಲ್ಲಿ ಆರಂಭವಾಗಿ, ಅನಂತಪುರ, ಮಹಬೂಬನಗರಗಳನ್ನೊಳಗೊಂಡ ಏಳು ಬರಪೀಡಿತ ಜಿಲ್ಲೆಗಳಲ್ಲಿ ನಡೆದ ರೈತನಿರ್ವಹಿತ ಅಂತರ್ಜಲ ಯೋಜನೆಯಲ್ಲಿ ರೈತರೇ ಮಳೆಯನ್ನೂ ಬಾವಿಯ ನೀರಿನ ಮಟ್ಟವನ್ನೂ ಅಳೆದು ಬರೆದಿಟ್ಟರು. ಹಿಂಗಾರಿಗೆ ಮುಂಚೆ ನೀರಿನ ಆಯವ್ಯಯವನ್ನು ಲೆಕ್ಕಹಾಕಿ ಬೆಳೆಯನ್ನು ನಿಶ್ಚಯಿಸಿದರು. ಏನು ಬೆಳೆಯಬೇಕೆಂದು ಹೊರಗಿನವರು ಅವರಿಗೆ ಅಪ್ಪಣೆ ಕೊಡಬೇಕಾಗಲಿಲ್ಲ.

ಎರಡನೆಯ ತೊಡಕು 'ಹೊಂದಾಣಿಕೆ' ಎಂಬ ಪದದಲ್ಲಿದೆ. ಕನ್ನಡದಲ್ಲಿ ಹೊಂದಾಣಿಕೆಯೆಂದರೆ ಇಬ್ಬರು ಪರಸ್ಪರ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ಕೂಡುವುದು. ಇಲ್ಲಿಯಾದರೋ ಬಿಟ್ಟುಕೊಡಬೇಕಾದವನು ಖುಷ್ಕಿ ಜಮೀನಿನ ರೈತನೊಬ್ಬನೇ. ಗಾಳಿಗೆ ಹೊಗೆಯನ್ನು ಹೆಚ್ಚಾಗಿ ಸೇರಿಸಿದವರು ಬೇರೆಯವರು. ಈ ಅಸಮತೆಯನ್ನು ಪದವು ಮರೆಮಾಡುತ್ತದೆ. ಇದೇ ಅರ್ಥಕ್ಕೆ 'ಒಗ್ಗಿಕೊಳ್ಳುವುದು' ಎಂದರೆ ಒಗ್ಗಬೇಕಾದವರು ಯಾರೆಂಬುದಾದರೂ ಸ್ಪಷ್ಟವಾಗುತ್ತದೆ.

ಇವೆಲ್ಲ ಬರಿಯ ಶಬ್ದಚರ್ಚೆಯೆಂದು ತಳ್ಳಿಹಾಕುವಂತಿಲ್ಲ. ಹೆಸರು ಕಲಸಿಹೋದರೆ ಹೊಣೆಯೂ ಕಲಸಿಹೋಗುತ್ತದೆ. ೧೯೦೮ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಈ ನಗರದಲ್ಲಿ ಸಾವಿರಾರು ಜನ ಸತ್ತರು. ಮರುವರ್ಷ ನಿಜಾಮ ಸರ್ಕಾರದ ಆಹ್ವಾನದ ಮೇಲೆ ಬಂದ ವಿಶ್ವೇಶ್ವರಯ್ಯನವರು ಬಿದ್ದ ಮಳೆಯನ್ನು ಮಾತ್ರ ವಿಚಾರಿಸಿ ಸುಮ್ಮನಾಗಲಿಲ್ಲ. ನೀರು ಹರಿದುಬರುವ ಪ್ರದೇಶವನ್ನೂ ಅಲ್ಲಿ ಒಡೆದುಹೋದ ಕೆರೆಗಳನ್ನೂ ಪರೀಕ್ಷಿಸಿ, ಮೂಸಿ ಮತ್ತು ಈಸಿ ನದಿಗಳ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಲು ಸಲಹೆಯಿತ್ತರು. ೧೯೨೦ರ ಉಸ್ಮಾನ್ ಸಾಗರವೂ ೧೯೨೭ರ ಹಿಮಾಯತ್ ಸಾಗರವೂ ಆ ವಿಚಾರದ ಫಲಗಳು. ಆಕಾಶ ಮಾಡಿದ್ದೆಷ್ಟು, ಮನುಷ್ಯ ಮಾಡಿದ್ದೆಷ್ಟು ಎಂಬುದನ್ನು ಬೇರ್ಪಡಿಸಿ ನೋಡುವ ದೃಷ್ಟಿಯೇ ಇಲ್ಲಿ ಮುಖ್ಯವಾದದ್ದು. ೨೦೨೦ರ ಅಕ್ಟೋಬರಿನಲ್ಲಿ ಇದೇ ನಗರದ ಬಡಾವಣೆಗಳು ಮುಳುಗಿದಾಗಲೂ ಮಳೆ ಅಸಾಧಾರಣವಾಗಿತ್ತೆಂಬುದು ನಿಜ. ನೀರು ನಿಲ್ಲಬೇಕಾದ ಕೆರೆಯಂಗಳಗಳಲ್ಲಿ ಮನೆಗಳೆದ್ದಿದ್ದವೆಂಬುದೂ ಅಷ್ಟೇ ನಿಜ. ಮೇಲೆ ಹೇಳಿದ ಎರಡು ಜಲಾಶಯಗಳ ಸುತ್ತ ಕಟ್ಟಡಗಳನ್ನು ನಿರ್ಬಂಧಿಸಿದ ೧೯೯೬ರ ೧೧೧ನೆಯ ಸರ್ಕಾರೀ ಆದೇಶದ ಕಟ್ಟುಪಾಡುಗಳನ್ನು ೨೦೨೨ರಲ್ಲಿ ಸಡಿಲಿಸಲಾಯಿತು. ಹೀಗಿರುವಾಗ ಪ್ರತಿಯೊಂದು ಪ್ರವಾಹವನ್ನೂ 'ಹವಾಮಾನ ವೈಪರೀತ್ಯ'ದ ತಲೆಗೆ ಕಟ್ಟುವ ನೌಕರನು ತಿಳಿಯದೆಯೇ ನೆಲದ ಮೇಲಿನ ತಪ್ಪುಗಳಿಗೆ ಕ್ಷಮಾಪತ್ರವನ್ನು ಬರೆದುಕೊಡುತ್ತಾನೆ.

ಆದುದರಿಂದ ತರಬೇತಿಗೆ ಬಂದ ಕನ್ನಡಿಗ ನೌಕರನು ಶಿಬಿರ ಮುಗಿಯುವ ಮುನ್ನ ತನ್ನ ತಾಲ್ಲೂಕಿನ ಮಳೆಯ ಮೂವತ್ತು ವರ್ಷಗಳ ಲೆಕ್ಕವನ್ನು ಮುಂದಿಟ್ಟುಕೊಂಡು, ಹಳ್ಳಿಯ ಸಭೆಯಲ್ಲಿ ಓದಬಹುದಾದ ಎರಡು ಪುಟಗಳನ್ನು ಕನ್ನಡದಲ್ಲಿ ಬರೆಯುವಂತಾಗಬೇಕು. ಅಂಥ ಬರಹಗಳನ್ನು ತಿದ್ದಿಕೊಡುವುದು, ಅವುಗಳಲ್ಲಿ ಬಳಕೆಯಾಗಿ ನಿಂತ ಪದಗಳನ್ನು ಆರಿಸಿ ಒಂದು ಚಿಕ್ಕ ಪದಕೋಶವನ್ನು ಸಿದ್ಧಪಡಿಸುವುದು ಹೊರನಾಡಿನ ಕನ್ನಡ ಸಂಘಗಳಿಗೆ ಭಾರವಾದ ಕೆಲಸವಲ್ಲ. ಹೈದರಾಬಾದಿನಲ್ಲಿರುವ ನಮಗೆ ಇಂಗ್ಲಿಷಿನ ಪಾಠವೂ ತೆಲುಗಿನ ನೆರೆಯೂ ಕನ್ನಡದ ನುಡಿಯೂ ಒಟ್ಟಿಗೆ ದೊರೆತಿವೆ. ಈ ಅನುಕೂಲವನ್ನು ಬಳಸಿಕೊಳ್ಳುವುದಕ್ಕೆ ಮೊದಲ ಹೆಜ್ಜೆಯಾಗಿ ವಾಯುಗುಣವೆಂಬ ಹಳೆಯ ಮಾತನ್ನು ಅದರ ಸ್ಥಾನದಲ್ಲಿ ಮತ್ತೆ ನಿಲ್ಲಿಸೋಣ.