ಕಥನಕವಿಯಾಗಿ ಹೆಳವನಕಟ್ಟೆ ಗಿರಿಯಮ್ಮ

ಹರಿಹರದ ಹರಿಹರೇಶ್ವರ ದೇವಾಲಯವನ್ನು ಕ್ರಿ. ಶ. 1224ರಲ್ಲಿ ಕಟ್ಟಿಸಿದ ಪೋಲಾಳ್ವ ದಂಡನಾಥನ ಕೀರ್ತಿಯನ್ನು ಶಿಲಾಶಾಸನವು ಕಾಪಾಡಿಕೊಂಡು ಬಂದಿದೆ. ಅದೇ ತಾಲ್ಲೂಕಿನಲ್ಲಿ, ಮಲೆಬೆನ್ನೂರಿಗೆ ಸಮೀಪದ ಹೆಳವನಕಟ್ಟೆಯ ರಂಗನಾಥನನ್ನು ನೆನೆದು ಹಾಡಿದ ಗಿರಿಯಮ್ಮನ ಕೀರ್ತಿಯನ್ನು ಕಾಪಾಡಿದವರು ಹಾಡುವ ಹೆಣ್ಣುಮಕ್ಕಳು. ಶಿಲೆಯಲ್ಲಿ ನಿಂತದ್ದನ್ನು ಇತಿಹಾಸವೆಂದು ಒಪ್ಪುವ ನಾವು, ಕಂಠದಲ್ಲಿ ನಿಂತದ್ದನ್ನು ಕಾವ್ಯವೆಂದು ಒಪ್ಪಲು ಇಂದಿಗೂ ಹಿಂದೆಮುಂದೆ ನೋಡುತ್ತೇವೆ. ಈ ಹಿಂಜರಿಕೆಯಿಂದ ಕನ್ನಡದ ಒಬ್ಬ ಸಮರ್ಥ ಕಥನಕವಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲವೆಂಬುದೇ ಪ್ರಸ್ತುತ ಲೇಖನದ ವಾದ.

ಗಿರಿಯಮ್ಮ ಹದಿನೆಂಟನೆಯ ಶತಮಾನದವಳು. ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ; ಮದುವೆಯಾಗಿ ಬಂದದ್ದು ಮಲೆಬೆನ್ನೂರಿಗೆ. ಪತಿ ತಿಪ್ಪರಸನೆಂದೂ, ಸಂಸಾರದಲ್ಲಿ ವಿರಕ್ತಳಾದ ಈಕೆ ಆತನಿಗೆ ಬೇರೊಂದು ವಿವಾಹವನ್ನು ಮಾಡಿಸಿದಳೆಂದೂ, ಗೋಪಾಲದಾಸರ ಅನುಗ್ರಹವನ್ನು ಪಡೆದಳೆಂದೂ ಸಂಪ್ರದಾಯವು ಹೇಳುತ್ತದೆ. ಈ ಚರಿತ್ರೆ ಮನೋಜ್ಞವಾದದ್ದೇ. ಆದರೆ ಅದನ್ನು ಭಕ್ತಿಯಿಂದ ಹೇಳುವವರು ಆಕೆಯ ಮಹಿಮೆಯಲ್ಲಿಯೇ ಮಗ್ನರಾಗುತ್ತಾರೆ; ಸಾಹಿತ್ಯಚರಿತ್ರೆಯನ್ನು ಬರೆಯುವವರು ದಾಸಸಾಹಿತ್ಯದ ಅಧ್ಯಾಯದಲ್ಲಿ ಆಕೆಗೆ ಕೆಲವು ಸಾಲುಗಳನ್ನು ಕೊಟ್ಟು ಮುಂದೆ ಸಾಗುತ್ತಾರೆ. ಒಬ್ಬರಿಗೆ ಆಕೆ ಸಾಧ್ವಿ, ಇನ್ನೊಬ್ಬರಿಗೆ ಪಟ್ಟಿಯಲ್ಲಿನ ಒಂದು ಹೆಸರು. ಕವಿಯೆಂದು ಆಕೆಯನ್ನು ಪರೀಕ್ಷಿಸುವ ಕೆಲಸ ಇಬ್ಬರಿಂದಲೂ ಉಳಿದುಹೋಗಿದೆ.

‘ಹೆಳವನಕಟ್ಟೆ ರಂಗ’ನ ಅಂಕಿತದಲ್ಲಿ ಈಕೆ ರಚಿಸಿದ ಬಿಡಿಹಾಡುಗಳು ಪ್ರಸಿದ್ಧವಾಗಿವೆ. ಅವುಗಳಲ್ಲದೆ ‘ಚಂದ್ರಹಾಸನ ಕಥೆ’, ‘ಉದ್ದಾಲಿಕನ ಕಥೆ’, ‘ಸೀತಾಕಲ್ಯಾಣ’, ‘ಬ್ರಹ್ಮಕೊರವಂಜಿ’ ಮೊದಲಾದ ದೀರ್ಘಕೃತಿಗಳುಂಟು. ಇವುಗಳಲ್ಲಿ ಮೊದಲ ಎರಡು ವಿಮರ್ಶಕನಿಗೆ ವಿಶೇಷ ವಿಚಾರಾರ್ಹವಾದವು. ಎರಡೂ ಜೈಮಿನಿ ಭಾರತದ ಪರಂಪರೆಗೆ ಸೇರಿದ ಕಥೆಗಳು. ಲಕ್ಷ್ಮೀಶನು ಮೂವತ್ತನಾಲ್ಕು ಸಂಧಿಗಳ ವಾರ್ಧಕ ಷಟ್ಪದಿಯಲ್ಲಿ ಹಾಡಿದ ಆ ವಸ್ತುವಿನಲ್ಲಿ ಅಶ್ವಮೇಧದ ಕುದುರೆಯ ಹಿಂದೆ ಯುದ್ಧಗಳ ಸಾಲೇ ಇದೆ. ಅಂಥ ಪರಂಪರೆಯಿಂದ ಗಿರಿಯಮ್ಮ ಕೈಗೆತ್ತಿಕೊಂಡ ಈ ಎರಡು ಕಥೆಗಳಲ್ಲಿಯೂ ಕಥೆಯ ಕೀಲು ಒಬ್ಬ ಹೆಣ್ಣಿನ ಕೈಯಲ್ಲಿದೆ. ಕವಿಯ ಆಯ್ಕೆಯೂ ಒಂದು ಬಗೆಯ ವಿಮರ್ಶೆಯೆಂಬುದನ್ನು ನೆನೆದರೆ ಇದನ್ನು ಆಕಸ್ಮಿಕವೆಂದು ಬಿಡಲಾಗದು.

ಚಂದ್ರಹಾಸನನ್ನು ಕೊಲ್ಲಿಸಲು ದುಷ್ಟಬುದ್ಧಿಯು ಅವನ ಕೈಯಲ್ಲಿಯೇ ತನ್ನ ಮಗ ಮದನನಿಗೆ ಓಲೆ ಕಳುಹಿಸುತ್ತಾನೆ. ಉದ್ಯಾನದಲ್ಲಿ ನಿದ್ರಿಸುತ್ತಿದ್ದ ತರುಣನ ಬಳಿಯಿದ್ದ ಆ ಓಲೆಯನ್ನು ದುಷ್ಟಬುದ್ಧಿಯ ಮಗಳು ವಿಷಯೆ ಓದಿ, ‘ವಿಷ’ವೆಂದಿದ್ದುದನ್ನು ‘ವಿಷಯೆ’ಯೆಂದು ತಿದ್ದುತ್ತಾಳೆ. ಸಾವು ಮದುವೆಯಾಗುತ್ತದೆ. ಮಂತ್ರಿಯ ಅಧಿಕಾರ, ಕಟುಕರ ಕತ್ತಿ, ವರ್ಷಗಳ ಸಂಚು ಇವೆಲ್ಲವೂ ಅಕ್ಷರ ಬಲ್ಲ ಒಬ್ಬ ಹುಡುಗಿಯ ಮುಂದೆ ನಿಷ್ಫಲವಾಗುತ್ತವೆ. ಹೆಣ್ಣಿಗೆ ಅಕ್ಷರವಿದ್ಯೆ ದುರ್ಲಭವಾಗಿದ್ದ ಕಾಲದಲ್ಲಿ, ಓದು ಬಾರದ ಕೇಳುಗಿತ್ತಿಯರ ನಡುವೆ, ಹೆಣ್ಣೊಬ್ಬಳು ಕಟ್ಟಿದ ಹಾಡಿನಲ್ಲಿ ಈ ಪ್ರಸಂಗ ಬಂದಾಗ ಅದಕ್ಕೆ ಲಭಿಸುವ ಅರ್ಥವು ಪಂಡಿತಗೋಷ್ಠಿಯಲ್ಲಿ ಲಭಿಸುವ ಅರ್ಥಕ್ಕಿಂತ ಭಿನ್ನವಾದದ್ದು. ಕಥೆ ಹಳೆಯದೇ, ಹೇಳುವ ಬಾಯಿ, ಕೇಳುವ ಕಿವಿ ಬದಲಾದುದರಿಂದ ಅದರ ಒತ್ತು ಬದಲಾಯಿತು.

ಉದ್ದಾಲಿಕನ ಕಥೆಯ ದಾರಿ ಹಾಸ್ಯದ್ದು. ಋಷಿಪತ್ನಿ ಚಂಡಿ ಗಂಡನು ಹೇಳಿದ್ದಕ್ಕೆಲ್ಲ ವಿರುದ್ಧವಾಗಿ ನಡೆಯುವವಳು. ಆದುದರಿಂದ ಆತನು ಬೇಡವೆಂದು ಹೇಳಿ ಬೇಕಾದುದನ್ನು ಮಾಡಿಸಿಕೊಳ್ಳುವ ಉಪಾಯವನ್ನು ಕಲಿಯುತ್ತಾನೆ. ಪಿತೃಕಾರ್ಯದ ಕೊನೆಯಲ್ಲಿ ಮೈಮರೆತು ನೇರವಾಗಿ ನುಡಿದು ಕೆಡುತ್ತಾನೆ. ಚಂಡಿ ಶಾಪದಿಂದ ಶಿಲೆಯಾಗಿ, ಅರ್ಜುನನ ಸ್ಪರ್ಶದಿಂದ ವಿಮೋಚನೆ ಹೊಂದುತ್ತಾಳೆ. ಪುರಾಣಿಕನ ಬಾಯಲ್ಲಿ ಇದು ಹೆಂಡತಿಯರಿಗೆ ಎಚ್ಚರಿಕೆಯ ಕಥೆ. ಹೆಂಗಸರ ಕೂಟದಲ್ಲಿ ಹಾಡಿದಾಗಲಾದರೋ ನಗೆಯು ಚಂಡಿಯ ಮೊಂಡುತನದಷ್ಟೇ, ಮನಸ್ಸಿನ ಮಾತನ್ನು ತಿರುಗಿಸಿ ಆಡಬೇಕಾಗಿ ಬಂದ ಋಷಿಯ ಪಾಡಿನ ಕಡೆಗೂ ಹರಿಯುವುದು ಸಹಜ.

ಹೀಗೆಂದು ಗಿರಿಯಮ್ಮನನ್ನು ಇಂದಿನ ಅರ್ಥದ ಬಂಡಾಯಗಾರ್ತಿಯೆಂದು ಸಾಧಿಸಹೊರಡುವುದು ಉಚಿತವಲ್ಲ. ವಿಷಯೆಯ ಜಾಣ್ಮೆ ಕೊನೆಗೆ ಮದುವೆಯಲ್ಲಿಯೇ ಫಲಿಸುತ್ತದೆ. ಚಂಡಿಯನ್ನು ಬಿಡಿಸಲು ಒಬ್ಬ ವೀರನೇ ಬರಬೇಕು. ಕಥೆಯ ಚೌಕಟ್ಟನ್ನು ಕವಯಿತ್ರಿ ಮುರಿದಿಲ್ಲ. ಇಲ್ಲಿ ಸಂಚಿಯ ಹೊನ್ನಮ್ಮನೊಡನೆ ಹೋಲಿಕೆ ಉಪಯುಕ್ತ. ಚಿಕ್ಕದೇವರಾಜ ಒಡೆಯರ (1673–1704) ಆಸ್ಥಾನದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಬರೆದು, ಪತಿವ್ರತೆಯ ಧರ್ಮವನ್ನು ಬೋಧಿಸುತ್ತಲೇ, ಹೆಣ್ಣೆಂದು ಹೀಗಳೆಯುವವರನ್ನು ಪ್ರಶ್ನಿಸಿದಳು. ಆಕೆಗೆ ಅರಮನೆಯ ಆಶ್ರಯವಿತ್ತು, ವಿದ್ವಾಂಸರ ಮನ್ನಣೆಯಿತ್ತು, ಶಿಷ್ಟವೆನಿಸಿದ ಛಂದಸ್ಸಿತ್ತು. ಸಾಹಿತ್ಯಚರಿತ್ರೆಯಲ್ಲಿ ಸ್ಥಾನವೂ ದೊರೆಯಿತು. ಗಿರಿಯಮ್ಮ ಬದುಕಿನಲ್ಲಿಯೇ ಹದಿಬದೆಯ ದಾರಿಯನ್ನು ಬಿಟ್ಟು ನಡೆದವಳು. ಆಕೆಯ ಆಸ್ಥಾನ ಒಂದು ಕೆರೆಕಟ್ಟೆಯ ಗುಡಿ.

ಗಿರಿಯಮ್ಮನ ಶೈಲಿ ಸರಳವೆಂಬ ಆಕ್ಷೇಪವೂ ಉಂಟು. ಷಟ್ಪದಿಯ ಪದ್ಯಕ್ಕೆ ವಾಚಿಸುವ ಗಮಕಿಯೂ ಅರ್ಥ ಹೇಳುವ ವ್ಯಾಖ್ಯಾನಕಾರನೂ ಇರುತ್ತಾರೆ. ಕೈಯಲ್ಲಿ ಮನೆಗೆಲಸವನ್ನಿಟ್ಟುಕೊಂಡು ಹಾಡುವವಳಿಗೆ ಇವರಾರೂ ಇಲ್ಲ. ಹಾಡು ತಾನೇ ನೆನಪಿನಲ್ಲಿ ನಿಲ್ಲಬೇಕು, ತಾನೇ ಅರ್ಥವಾಗಬೇಕು, ಕಥೆಯನ್ನೂ ತಾನೇ ನಡೆಸಬೇಕು. ಈ ಮೂರು ಹೊಣೆಗಳನ್ನು ಹೊತ್ತ ಸರಳತೆಯನ್ನು ಕಾವ್ಯಶಕ್ತಿಯ ಕೊರತೆಯೆಂದು ಎಣಿಸುವುದು ಅಳತೆಗೋಲಿನ ದೋಷ. ಈಕೆಗೆ ಹಿಂದಿನ ಗಲಗಲಿ ಅವ್ವ, ಮುಂದಿನ ಹರಪನಹಳ್ಳಿ ಭೀಮವ್ವ (1823–1903) ಇವರನ್ನೂ ಇದೇ ಅಳತೆಗೋಲು ಅಂಚಿಗೆ ಸರಿಸಿದೆ.

ಅಳತೆಗೋಲನ್ನು ತಿದ್ದುವ ಕೆಲಸ ಪಾಠಸಂಗ್ರಹದಿಂದ ಮೊದಲಾಗಬೇಕು. ಕಂಠಸ್ಥ ಕೃತಿಗೆ ಊರಿಗೊಂದು ಪಾಠವಿರುತ್ತದೆ. ಬಿಟ್ಟುಹೋದ ನುಡಿ, ಸೇರಿಕೊಂಡ ಮಾತು ಇವುಗಳನ್ನು ಅಪಪಾಠಗಳೆಂದು ತಳ್ಳದೆ, ಹಾಡಿದವರ ಆಯ್ಕೆಗಳೆಂದು ದಾಖಲಿಸಬೇಕು. ಚಂಡಿಯ ಪ್ರಸಂಗವನ್ನು ಯಾರು ಹಿಗ್ಗಿಸಿದರು, ವಿಷಯೆಯ ಓಲೆಯ ಬಳಿ ಯಾರು ಹೆಚ್ಚು ಹೊತ್ತು ನಿಂತರು ಎಂಬುದು ತಿಳಿದಾಗಲೇ ಮೇಲಿನ ವಿಚಾರಗಳು ಪರೀಕ್ಷೆಗೆ ಒಳಪಟ್ಟಾವು. ದಾವಣಗೆರೆ, ಹರಿಹರಗಳ ಕಾಲೇಜುಗಳಿಗೆ ಮಲೆಬೆನ್ನೂರು ದೂರದ ಊರಲ್ಲ. ತಮ್ಮ ಮನೆಯ ಹಿರಿಯರ ಬಾಯಲ್ಲಿಯೇ ಪಾಠಾಂತರವಿರಬಹುದಾದ ವಿದ್ಯಾರ್ಥಿಗಳು ಆ ತರಗತಿಗಳಲ್ಲಿದ್ದಾರೆ. ಹಾಡುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಶಾಸನವು ಓದುಗನಿಗಾಗಿ ಎಂಟು ಶತಮಾನ ಕಾಯಬಲ್ಲದು, ಕಂಠವು ಕಾಯಲಾರದು.