ಬಫೆ ಮೇಜಿಗೆ ಬಂದ ಜೋಳದ ರೊಟ್ಟಿ

ರಬಕವಿ-ಬನಹಟ್ಟಿ, ಜಮಖಂಡಿ, ಮುಧೋಳ, ಯಾವ ಊರಿನ ಕಲ್ಯಾಣ ಮಂಟಪಕ್ಕೆ ಹೋದರೂ ಈಗ ಬಫೆ ತಪ್ಪಿದ್ದಲ್ಲ. ಹಿರಿಯರಿಗೆಂದು ಒಂದು ಮೂಲೆಯಲ್ಲಿ ಪಂಗತಿ, ಉಳಿದವರಿಗೆಲ್ಲ ತಾಟು ಹಿಡಿದು ಸರದಿ. ಜೀರಾ ರೈಸ್, ಗೋಬಿ ಮಂಚೂರಿಗಳ ನಡುವೆ ಮುಚ್ಚಳವಿರುವ ಸ್ಟೀಲ್ ಡಬ್ಬಿಯೊಂದರಲ್ಲಿ ನಮ್ಮ ಜೋಳದ ರೊಟ್ಟಿಯೂ ಇರುತ್ತದೆ. ಇದೇ ಮೇಜು ಬೆಂಗಳೂರಿಗೆ ಹೋದಾಗ ಮೇಲೊಂದು ಬೋರ್ಡು ಏರುತ್ತದೆ: ‘ಉತ್ತರ ಕರ್ನಾಟಕ ಊಟ, ಎಷ್ಟು ಬೇಕಾದರೂ ತಿನ್ನಿ’. ಎಷ್ಟು ಬೇಕಾದರೂ ತಿನ್ನುವುದು ನಮ್ಮ ಕಡೆಯವರಿಗೆ ಹೊಸದಲ್ಲ, ಖಾನಾವಳಿಯಲ್ಲಿ ಕೂತವರು ರೊಟ್ಟಿ ಎಣಿಸಿ ಉಂಡವರಲ್ಲ. ಹೊಸದೇನೆಂದರೆ ರೊಟ್ಟಿ ಒಂದೆಡೆ ನಿಂತಿರುವುದು, ಉಣ್ಣುವವನು ಅದರ ಬಳಿಗೆ ನಡೆದು ಹೋಗುವುದು. ಈ ಅದಲು-ಬದಲಿನಲ್ಲಿ ರೊಟ್ಟಿ ಕೆಟ್ಟಿದೆ ಎಂಬುದು ನನ್ನ ತಕರಾರು.

ಕೆಡುವುದಕ್ಕೆ ಅಡುಗೆಯವರ ಅಸಡ್ಡೆಯೇ ಕಾರಣವಾಗಬೇಕಿಲ್ಲ. ಗೋಧಿ ಹಿಟ್ಟಿನಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ಹಿಟ್ಟಿನ ಒಂದಿಷ್ಟು ಪಿಷ್ಟವನ್ನು ಮೊದಲೇ ಬೇಯಿಸಿ, ಆ ಜಿಗಿಯಲ್ಲಿ ಉಳಿದ ಹಿಟ್ಟನ್ನು ಕಟ್ಟಿಹಾಕುತ್ತಾರೆ. ಬೀಸಿ ಬಹಳ ದಿನವಾದ ಹಿಟ್ಟಾದರೆ ಎಷ್ಟು ನಾದಿದರೂ ಅಂಚು ಸೀಳುತ್ತದೆ. ನಾದಿದ ಉಂಡೆಯನ್ನು ಎರಡೂ ಅಂಗೈಯಲ್ಲಿ ತಿರುಗಿಸುತ್ತ ಬಡಿದು, ಹಂಚಿಗೆ ಹಾಕಿ, ಮೇಲ್ಮೈಗೆ ಒದ್ದೆ ಅರಿವೆಯಿಂದ ನೀರು ಸವರುತ್ತಾರೆ. ನೀರು ಆರುವ ಹೊತ್ತಿಗೆ ಸರಿಯಾಗಿ ತಿರುವಿ ಹಾಕಬೇಕು. ಆರಿದ ಮೇಲೆ ತಿರುವಿದರೆ ಬಿರುಕು, ಆರುವ ಮೊದಲೇ ತಿರುವಿದರೆ ಹಂಚಿಗೆ ಅಂಟು. ಅಲ್ಲಿಂದ ಕೆಂಡಕ್ಕೋ ಉರಿಗೋ ಒಡ್ಡಿದಾಗ ಒಳಗಿನ ಹಬೆ ಮೇಲ್ಪದರವನ್ನು ಎತ್ತುತ್ತದೆ. ಹಾಗೆ ಉಬ್ಬಿದ ರೊಟ್ಟಿಯ ಒಳಗೆ ಮೆತ್ತಗೆ, ಹೊರಗೆ ತೆಳ್ಳನೆ ಗರಿಗರಿ. ಈ ಎರಡು ಗುಣ ಒಟ್ಟಿಗೆ ಇರುವುದು ಕೆಲವೇ ನಿಮಿಷ. ತೆರೆದಿಟ್ಟರೆ ಬಿರುಸು, ಮುಚ್ಚಿಟ್ಟರೆ ತನ್ನದೇ ಹಬೆಗೆ ಒದ್ದೆ. ಬಫೆಯ ಡಬ್ಬಿಯಲ್ಲಿ ನಡೆಯುವುದು ಎರಡನೆಯದು. ಮುಚ್ಚಳ ತೆಗೆದರೆ ಒಂದರ ಮೈಗೆ ಒಂದು ಅಂಟಿಕೊಂಡು ಬೆವರಿದ ರೊಟ್ಟಿಗಳ ಅಟ್ಟಿ. ಅದನ್ನು ಮುರಿದರೆ ಸಪ್ಪಳವಿಲ್ಲ, ಎಳೆದರೆ ಹರಿಯುತ್ತದೆ.

ಆದ್ದರಿಂದ ರೊಟ್ಟಿ ಊಟದಲ್ಲಿ ಉಣ್ಣುವವನು ಕೂತಿರಬೇಕು, ರೊಟ್ಟಿ ನಡೆದು ಬರಬೇಕು. ಖಾನಾವಳಿಗಳ ವ್ಯವಸ್ಥೆ ನಿಂತಿರುವುದೇ ಇದರ ಮೇಲೆ. ಒಳಗೆ ಇಬ್ಬರೋ ಮೂವರೋ ಹೆಣ್ಣುಮಕ್ಕಳು ಒಲೆಯ ಮುಂದೆ, ಹೊರಗೆ ಉದ್ದನೆ ಮೇಜು, ನಡುವೆ ಓಡಾಡುವ ಹುಡುಗ. ತಾಟಿನಲ್ಲಿ ಎರಡು ಪಲ್ಯ, ಒಂದು ಕಾಳಿನದು, ಇನ್ನೊಂದು ಬದನೆಕಾಯಿಯದೋ ಸೊಪ್ಪಿನದೋ. ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ ಸಾರು. ಹುಡುಗ ತಾಟು ನೋಡುತ್ತಾನೆ. ರೊಟ್ಟಿ ಕಾಲು ಭಾಗ ಉಳಿದಿರುವಾಗಲೇ “ಇನ್ನೊಂದ್ ಹಾಕ್ಲೇನ್ರೀ ಕಾಕಾ?” ಎನ್ನುತ್ತಾನೆ. “ಸಾಕೋ ಯಪ್ಪಾ” ಎಂದವನ ತಾಟಿಗೆ ಅರ್ಧ ಬೀಳುತ್ತದೆ. ಈ ಒತ್ತಾಯದಲ್ಲಿ ವ್ಯಾಪಾರದ ಲೆಕ್ಕವೂ ಇದೆ. ಎಷ್ಟು ಜನ ಕೂತಿದ್ದಾರೆ, ಯಾರಿಗೆ ಇನ್ನೆಷ್ಟು ಬೇಕು ಎಂಬುದು ಆ ಹುಡುಗನ ಕಣ್ಣಲ್ಲೇ ಗೊತ್ತಾಗುವುದರಿಂದ ಒಳಗೆ ಬೇಕಾದಷ್ಟೇ ರೊಟ್ಟಿ ಬಡಿಯುತ್ತಾರೆ. ಬಫೆಯವನಿಗೆ ಆ ಕಣ್ಣಿಲ್ಲ. ಅವನು ಅಂದಾಜಿನ ಮೇಲೆ ನೂರಾರು ರೊಟ್ಟಿ ಮೊದಲೇ ಮಾಡಿಸಿಡಬೇಕು.

ಬಫೆ ಯಾವ ಅಡುಗೆಗೂ ಒಗ್ಗದು ಎಂದಲ್ಲ. ಫಿಲಿಪ್ಪೀನ್ಸ್‌ನಲ್ಲಿ ಕಬಾಲೆನ್ ಎಂಬ ಹೋಟೆಲ್ ಸರಪಳಿ ಇದೆ. ಪಂಪಾಂಗಾ ಎಂಬ ಸೀಮೆಯ ಮನೆಯಡುಗೆಯನ್ನು ಬಫೆಗೆ ಇಟ್ಟು ಹೆಸರು ಮಾಡಿದ್ದು. ಅಲ್ಲಿ ಆ ಪದ್ಧತಿ ಒಗ್ಗಿದ್ದಕ್ಕೆ ಅಡುಗೆಯೇ ಕಾರಣ ಎನ್ನಿಸುತ್ತದೆ. ಆ ನಾಡಿನವರು ಅಡೋಬೋ ಎನ್ನುವುದು ವಿನೆಗರ್‌ನಲ್ಲಿ ಬೆಂದ ಮಾಂಸ, ಇಟ್ಟಷ್ಟೂ ಹುಳಿ ಇಳಿದು ರುಚಿ ಏರುವಂಥದ್ದು. ಕರೆ-ಕರೆ ಎಂಬುದು ಶೇಂಗಾ ಅರೆದು ಹಾಕಿದ ಗಟ್ಟಿ ಗೊಜ್ಜಿನ ಮಾಂಸ, ಅದೂ ಬೆಚ್ಚಗಿನ ಪಾತ್ರೆಯಲ್ಲಿ ತಾಸುಗಟ್ಟಲೆ ಕೂತರೂ ಕೆಡುವುದಿಲ್ಲ. ಜೊತೆಗೆ ಅನ್ನ. ಪಾತ್ರೆಯಲ್ಲಿ ಕಾಯಬಲ್ಲ ಅಡುಗೆ ಅದು. ನಮ್ಮಲ್ಲೂ ಅಂಥವು ಇಲ್ಲದಿಲ್ಲ. ಎಣ್ಣೆಗಾಯಿ ಮಾಡಿದ ಹೊತ್ತಿಗಿಂತ ಸಂಜೆಗೆ ಚಲೋ. ಪುಂಡಿ ಪಲ್ಯ ಮರುದಿನಕ್ಕೆ ಇನ್ನೂ ಚಲೋ. ಗುರೆಳ್ಳು, ಅಗಸಿ, ಶೇಂಗಾ ಹಿಂಡಿಗಳಿಗೆ ಹೊತ್ತಿನ ಹಂಗೇ ಇಲ್ಲ. ಖಡಕ್ ರೊಟ್ಟಿಯಂತೂ ಕಾಯುವುದಕ್ಕೆಂದೇ ಹುಟ್ಟಿದ್ದು. ಬುತ್ತಿ ಕಟ್ಟಿಕೊಂಡು ಜಾತ್ರೆಗೋ ದೂರದ ಹೊಲಕ್ಕೋ ಹೋಗುವವರು ತೇವವೆಲ್ಲ ಹೋಗುವಂತೆ ಸುಟ್ಟು ಒಣಗಿಸಿಟ್ಟುಕೊಂಡದ್ದು ಅದು, ವಾರಗಟ್ಟಲೆ ಇರುತ್ತದೆ. ಬಫೆ ಮಾಡುವವರಿಗೆ ತಲೆ ಇದ್ದಿದ್ದರೆ ಖಡಕ್ ರೊಟ್ಟಿ, ಎಣ್ಣೆಗಾಯಿ, ನಾಲ್ಕು ಬಗೆ ಹಿಂಡಿ, ಗಟ್ಟಿ ಮೊಸರು ಇಟ್ಟು ಗೆದ್ದುಬಿಡುತ್ತಿದ್ದರು. ಇವರಿಗೆ ಬೇಕಾದದ್ದು ಬೋರ್ಡಿನ ಮೇಲೆ ‘ಬಿಸಿ ರೊಟ್ಟಿ’ ಎಂಬ ಹೆಸರು.

ಹೆಸರಿನ ಆಸೆಗೆ ಕಂಡುಕೊಂಡ ಉಪಾಯವೇ ‘ಲೈವ್ ಕೌಂಟರ್’. ಹಾಲ್‌ನ ಒಂದು ಬದಿಗೆ ಗ್ಯಾಸ್ ಒಲೆ, ಹಂಚು. ಇಳಕಲ್ ಸೀರೆ ಉಡಿಸಿ, ಕೆಲವು ಕಡೆ ಮೂಗಿಗೆ ನತ್ತು ಇಡಿಸಿ ಕೂರಿಸಿದ ಇಬ್ಬರು ಹೆಣ್ಣುಮಕ್ಕಳು. ಹಿಂದೆ ಗುಡಿಸಲಿನ ಚಿತ್ರ, ಒಂದು ಬಂಡಿಯ ಗಾಲಿ. ರೊಟ್ಟಿ ಇಲ್ಲಿ ನಿಜಕ್ಕೂ ಬಿಸಿ, ಅದನ್ನು ಒಪ್ಪಬೇಕು. ಆದರೆ ಇನ್ನೂರು ಜನರ ಸರದಿಗೆ ಎರಡು ಹಂಚು ಸಾಲದು. ಮುಂದೆ ಫೋನ್ ಹಿಡಿದು ವಿಡಿಯೊ ಮಾಡುವವರ ಗುಂಪು ಬೇರೆ. ಖಾನಾವಳಿಯ ಒಳಮನೆಯಲ್ಲಿ ಅದೇ ಕೆಲಸ ಮಾಡುವವರು ಮಾತಾಡಿಕೊಳ್ಳುತ್ತ, ಬೇಸರವಾದಾಗ ಕಾಲು ಚಾಚುತ್ತ ಬಡಿಯುತ್ತಾರೆ. ಇಲ್ಲಿ ಬೆವರು ಒರೆಸಿಕೊಳ್ಳುವುದಕ್ಕೂ ಸಂಕೋಚ. ಇಳಕಲ್ ಸೀರೆ ನೇಯುವ ಜಿಲ್ಲೆಯವನಾಗಿ ಹೇಳುತ್ತೇನೆ, ಕೆಲಸದ ಹೊತ್ತಿನಲ್ಲಿ ಹೊಸ ಇಳಕಲ್ ಸೀರೆ ಉಟ್ಟು ಒಲೆಯ ಮುಂದೆ ಕೂರುವವರನ್ನು ನಮ್ಮೂರಲ್ಲಿ ಕಾಣೆ.

ಖಾನಾವಳಿಯನ್ನು ಹೀಗೆ ಹೊಗಳುವಾಗ ಅದರ ಬೋರ್ಡನ್ನು ಮರೆಯಬಾರದು. ಲಿಂಗಾಯತ ಖಾನಾವಳಿ, ಬ್ರಾಹ್ಮಣರ ಖಾನಾವಳಿ, ಸಾವಜಿ ಖಾನಾವಳಿ: ಉಣ್ಣುವ ಮೊದಲು ಜಾತಿ ಓದಿಕೊಂಡು ಒಳಗೆ ಹೋಗುವ ಏರ್ಪಾಡು. ಈಗ ಯಾರೂ ಯಾರನ್ನೂ ಬಾಗಿಲಲ್ಲಿ ಕೇಳುವುದಿಲ್ಲ, ಸಸ್ಯಾಹಾರವೋ ಮಾಂಸಾಹಾರವೋ ಎಂಬುದಕ್ಕೆ ಅದು ಗುರುತಾಗಿ ಉಳಿದಿದೆ ಅಷ್ಟೆ ಎನ್ನುವವರಿದ್ದಾರೆ. ಇರಬಹುದು. ಒಂದು ಕಾಲಕ್ಕೆ ಕೇಳುತ್ತಿದ್ದರು ಎಂಬುದನ್ನು ಬೋರ್ಡೇ ಹೇಳುತ್ತದೆ. ಯಾರ ಪಕ್ಕ ಯಾರು, ಯಾರಿಗೆ ಮೊದಲು ನೀಡಬೇಕು, ಯಾರಿಗೆ ಹೊರಗೆ ಎಂಬ ಪಂಗತಿಯ ಲೆಕ್ಕಾಚಾರವನ್ನು ಬಫೆ ಒಂದೇ ಏಟಿಗೆ ಅಳಿಸಿತು. ಒಂದೇ ಸೌಟನ್ನು ಎಲ್ಲರೂ ಹಿಡಿಯುತ್ತಾರೆ. ಗಂಡಸರ ಪಂಗತಿ ಏಳುವತನಕ ಕಾಯುತ್ತಿದ್ದ ಹೆಣ್ಣುಮಕ್ಕಳು ಈಗ ಗಂಡಸರ ಜೊತೆಗೇ ತಾಟು ಹಿಡಿದಿರುತ್ತಾರೆ. ಬಫೆಯನ್ನು ಬೈಯುವ ನಮ್ಮ ಹಿರಿಯರಲ್ಲಿ ಕೆಲವರಿಗೆ ರೊಟ್ಟಿ ಒದ್ದೆಯಾದದ್ದಕ್ಕಿಂತ ಇದೇ ಹೆಚ್ಚು ಚುಚ್ಚುತ್ತದೆ ಎಂಬ ಅನುಮಾನ ನನಗಿದೆ.

ಇನ್ನು ‘ಉತ್ತರ ಕರ್ನಾಟಕ’ ಎಂಬ ಒಂದೇ ಚೀಟಿ. ಕಾಮತ್ ಹೋಟೆಲುಗಳು ಬೆಂಗಳೂರಿನವರಿಗೆ ಜೋಳದ ರೊಟ್ಟಿ ಊಟದ ರುಚಿ ಹತ್ತಿಸಿದವು, ಆ ಉಪಕಾರ ದೊಡ್ಡದು. ಅವರ ಬೆನ್ನಿಗೆ ಬಂದ ಬಫೆಗಳು ಬೀದರದಿಂದ ಬೆಳಗಾವಿಯವರೆಗಿನ ಸೀಮೆಯನ್ನೆಲ್ಲ ಒಂದೇ ಎಣ್ಣೆಗಾಯಿಗೆ ಇಳಿಸಿದವು. ಕಲಬುರಗಿ ಕಡೆ ಎಳ್ಳಮಾವಾಸ್ಯೆಗೆ ಸಜ್ಜೆ ರೊಟ್ಟಿಯ ಜೊತೆ ಮಾಡುವ, ಕಾಳು ಸೊಪ್ಪು ಕೂಡಿಸಿದ ಭಜ್ಜಿ ಅಲ್ಲಿ ಸಿಗುವುದಿಲ್ಲ. ಹುಬ್ಬಳ್ಳಿ, ಗದಗ-ಬೆಟಗೇರಿಯ ಸಾವಜಿ ಖಾರ ಸಸ್ಯಾಹಾರಿ ಮೇಜಿಗೆ ಹೇಗೂ ಬರುವಂತಿಲ್ಲ. ಬದನೆಕಾಯಿಗೆ ಸಕ್ಕರೆ ಸುರಿದು ಗೋಡಂಬಿ ಅರೆದು ಹಾಕಿದ್ದನ್ನು ಒಂದು ಕಡೆ ಉಂಡಿದ್ದೇನೆ. ಗುರೆಳ್ಳಿನ ಒಗರು, ಹುಣಸೆಯ ಹುಳಿ ಹುಡುಕಿದರೂ ಇರಲಿಲ್ಲ. ಸಿಹಿಯ ಕಡೆ ಹೋದರೆ ಗುಲಾಬ್ ಜಾಮೂನು. ಮಹಾಲಿಂಗಪುರದ ಬೆಲ್ಲದ ಪೇಟೆ ಕೂಗಳತೆಯಲ್ಲಿರುವ ನಮ್ಮ ಮದುವೆಗಳಲ್ಲೂ ಅದೇ ಗುಲಾಬ್ ಜಾಮೂನು! ಮಾದಲಿ ಒಣಗಿದ ಪುಡಿ, ಹಾಲು ತುಪ್ಪ ಬೇರೆ ಇಟ್ಟರಾಯಿತು, ಬಫೆಗೆ ಹೇಳಿ ಮಾಡಿಸಿದಂತಿದೆ. ಆದರೂ ಅದನ್ನು ಇಟ್ಟದ್ದು ಅಪರೂಪ.

ಜೋಳವೇ ನಮ್ಮ ಹೊಲದಿಂದ ಹಿಂದೆ ಸರಿದಿದೆ ಎಂಬುದನ್ನೂ ಹೇಳಬೇಕು. ಕೃಷ್ಣೆ, ಘಟಪ್ರಭೆಯ ನೀರು ಹತ್ತಿದ ಕಡೆಯೆಲ್ಲ ಜಮಖಂಡಿ, ಮುಧೋಳದ ಕರಿಮಣ್ಣು ಕಬ್ಬಿಗೆ ಹೋಯಿತು. ಹಿಂಗಾರಿಯ ಮಾಲದಂಡಿ ಬಿಳಿಜೋಳ ಬೇಕೆಂದು ವಿಜಯಪುರದ ಕಡೆಯ ಚೀಲ ಕೇಳುವ ಮನೆಗಳು ಊರಲ್ಲೇ ಇವೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ಪೇಟೆಯಲ್ಲಿ ಜೋಳಕ್ಕೆ ಮರ್ಯಾದೆ ಹೆಚ್ಚಿತು, ಬಫೆಯವರೂ ಡಬ್ಬಿಯ ಮುಂದೆ ‘ಆರೋಗ್ಯಕ್ಕೆ ಒಳ್ಳೆಯದು’ ಎಂಬ ಚೀಟಿ ನಿಲ್ಲಿಸಿದರು. ಆರೋಗ್ಯದ ಮಾತು ಹೇಳಿಕೊಂಡು ತಿನ್ನಬೇಕಾದ ರೊಟ್ಟಿಯ ರುಚಿ ಎಷ್ಟಿದ್ದೀತು?

ಇದ್ದುದರಲ್ಲಿ ಸರಿಯಾದ ಏರ್ಪಾಡು ನಾನು ಕಂಡದ್ದು ಬನಹಟ್ಟಿ ಕಡೆಯ ಒಂದು ಮಗ್ಗದ ಮನೆಯ ಮದುವೆಯಲ್ಲಿ. ಪಲ್ಯ, ಹಿಂಡಿ, ಪಚಡಿ, ಖಡಕ್ ರೊಟ್ಟಿ ಮೇಜಿನ ಮೇಲೆ, ಯಾರು ಬೇಕಾದರೂ ಬಂದು ನೀಡಿಕೊಳ್ಳಬಹುದು. ಕೂರುವುದಕ್ಕೆ ಎಲ್ಲರಿಗೂ ಕುರ್ಚಿ, ಗಂಡಸರು ಹೆಂಗಸರು ಎಂದಿಲ್ಲ. ಬಿಸಿ ರೊಟ್ಟಿ ಮಾತ್ರ ಮೇಜಿಗೆ ಬರಲಿಲ್ಲ. ಮಂಟಪದ ಹಿಂದೆ ಸಾಲು ಒಲೆ ಹೂಡಿದ್ದರು, ಹುಡುಗರು ಬುಟ್ಟಿಯಲ್ಲಿ ಅರಿವೆ ಹಾಸಿ ಐದೈದೇ ರೊಟ್ಟಿ ತಂದು ಕೂತವರ ತಾಟಿಗೆ ಹಾಕಿ ಮತ್ತೆ ಓಡುತ್ತಿದ್ದರು. ಬುಟ್ಟಿ ತುಂಬಿಸಿದರೆ ತಳದವು ಬೆವರುತ್ತವೆ ಎಂದು ಒಲೆಯ ಮುಂದಿನ ಅಕ್ಕನೊಬ್ಬಳು ಅವರನ್ನು ಗದರಿಸುತ್ತಿದ್ದಳು. ಇದಕ್ಕೆ ಆಳು ಹೆಚ್ಚು, ಕೂಲಿ ಹೆಚ್ಚು, ಅಡುಗೆ ಗುತ್ತಿಗೆಯವರು ಸುಲಭಕ್ಕೆ ಒಪ್ಪುವುದಿಲ್ಲ. ಬೆಂಗಳೂರಿನ ಬಫೆ ಮಾಲೀಕರಿಗಂತೂ ಕೆಲಸದವರನ್ನು ಹೆಚ್ಚಿಸುವುದೆಂದರೆ ಬಫೆ ಮಾಡಿದ ಉದ್ದೇಶವೇ ಹೋದಂತೆ. ಗೋಡಂಬಿಗೆ, ಬಂಡಿಯ ಗಾಲಿಗೆ, ನತ್ತಿಗೆ ಸುರಿಯುವ ದುಡ್ಡನ್ನು ಆ ಓಡಾಡುವ ಹುಡುಗರ ಕೂಲಿಗೆ ತಿರುಗಿಸಿದರೆ ಲೆಕ್ಕ ಹೆಚ್ಚುಕಮ್ಮಿ ಸರಿಹೋಗಬಹುದು. ಹೋಗದಿದ್ದರೆ ಬೋರ್ಡಿನ ಮೇಲಿನ ‘ಬಿಸಿ’ಯನ್ನಾದರೂ ಅಳಿಸಲಿ.