35 ಡಿಗ್ರಿಯ ಹದ

ಹಣ್ಣಿನ ರಸಕ್ಕೆ ಜಿಲೆಟಿನ್ ಹಾಕಿ ಅಚ್ಚಿನಲ್ಲಿ ಗಟ್ಟಿ ಮಾಡುವ ತಿನಿಸು ಗಮ್ಮಿ; ಅನಾನಸ್ ಗಮ್ಮಿ ಯಾಕೆ ಕೈಕೊಡುತ್ತದೆ ಎಂಬುದನ್ನು ಈ ವಾರ ನೋಡುವುದಾಗಿ ಕಳೆದ ಅಂಕಣದ ಕೊನೆಗೆ ಮಾತು ಕೊಟ್ಟಾಗಿತ್ತು. ಬನವಾಸಿ ಸೀಮೆಯ ಕಳಿತ ಹಣ್ಣು, ಅಳತೆಯಲ್ಲಿ ತಪ್ಪಿಲ್ಲ, ಜಿಲೆಟಿನ್ ಹೊಸದು. ಆದರೂ ಬೆಳಿಗ್ಗೆ ಫ್ರಿಜ್ಜಿನ ಬಾಗಿಲು ತೆಗೆದರೆ, ರಾತ್ರಿ ಸುರಿದ ರಸ ಅಚ್ಚಿನಲ್ಲಿ ರಸವಾಗಿಯೇ ನಿಂತಿರುತ್ತದೆ. ತಪ್ಪು ಕೈಯದಲ್ಲ, ಹಣ್ಣಿನದು. ಹಸಿ ಅನಾನಸ್ಸಿನಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವಕ್ಕೆ ಪ್ರೋಟೀನನ್ನು ತುಂಡರಿಸುವುದೇ ಕೆಲಸ. ಜಿಲೆಟಿನ್ ಅಪ್ಪಟ ಪ್ರೋಟೀನು. ಪಪ್ಪಾಯಿ, ಅಂಜೂರ, ಕಿವಿ ಹಣ್ಣು, ಹಸಿ ಶುಂಠಿ ಕೂಡ ಇದೇ ಜಾತಿಯವು. ಮಾಂಸ ಮೆತ್ತಗಾಗಲೆಂದು ಪಪ್ಪಾಯಿ ಕಾಯಿ ಅರೆದು ಸವರುವವರಿಗೆ ಈ ಗುಣ ಎಂದಿನಿಂದಲೂ ಗೊತ್ತು. ರಸವನ್ನು ಮೊದಲು ಚೆನ್ನಾಗಿ ಕುದಿಸಿ ಆರಿಸಿದರೆ ಕಿಣ್ವ ಸಾಯುತ್ತದೆ, ಗಮ್ಮಿ ನಿಲ್ಲುತ್ತದೆ. ಡಬ್ಬಿಯ ಅನಾನಸ್ ಯಾವತ್ತೂ ಮೋಸ ಮಾಡದಿರುವುದು ಅದು ಆಗಲೇ ಬೆಂದು ಬಂದಿರುವುದರಿಂದ.

ಅನಾನಸ್ಸಿನ ಮಾತು ಅಷ್ಟೇ. ಅದಕ್ಕಿಂತ ದೊಡ್ಡ ಲೆಕ್ಕವೊಂದು ಚುಕ್ತಾ ಆಗದೆ ಉಳಿದಿದೆ.

"ಜಿಲೆಟಿನ್ ಬದಲು ಅಷ್ಟೇ ಅಳತೆಯ ಚೈನಾ ಗ್ರಾಸ್ ಹಾಕಿ, ಏನೂ ವ್ಯತ್ಯಾಸವಿಲ್ಲ" ಎನ್ನುವ ಪಂಥವೊಂದು ಇತ್ತೀಚೆಗೆ ಬಲವಾಗಿ ಬೆಳೆದಿದೆ. ಅಷ್ಟೇ ಅಳತೆ ಹಾಕಿದರೆ ಸಿಗುವುದು ಒತ್ತಿದರೆ ಪುಡಿಯಾಗುವ ಗಟ್ಟಿ. ವ್ಯತ್ಯಾಸವಿಲ್ಲ ಎಂಬ ಮಾತಂತೂ ನಾಲಿಗೆಯ ಮುಂದೆ ನಿಲ್ಲುವುದೇ ಇಲ್ಲ. ಜಿಲೆಟಿನ್ ಕರಗುವುದು ಸುಮಾರು 35 ಡಿಗ್ರಿಯಲ್ಲಿ, ಬಾಯಿಯ ಬಿಸಿಗಿಂತ ತುಸು ಕೆಳಗೆ. ಹಾಗಾಗಿಯೇ ಗಮ್ಮಿ ಮೊದಲು ಹಲ್ಲಿಗೆ ಎದುರು ನಿಂತು, ಆಮೇಲೆ ತಾನಾಗಿ ಸೋತು, ಹಣ್ಣಿನ ರುಚಿಯನ್ನು ಬಿಟ್ಟುಕೊಡುತ್ತದೆ. ಚೈನಾ ಗ್ರಾಸ್, ಅಂದರೆ ಕಡಲಕಳೆಯ ಅಗರ್, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಲು 85 ಡಿಗ್ರಿ ಬೇಕು. ಬಾಯಲ್ಲಿ ಅದು ಮುರಿಯುತ್ತದೆ, ಕರಗುವುದಿಲ್ಲ.

ಜಿಲೆಟಿನ್ ನಮಗೆ ಪರದೇಶದ ವಸ್ತುವೇನಲ್ಲ. ಮೇಕೆ ಕಾಲಿನ ಸೂಪು ರಾತ್ರಿ ಉಳಿದರೆ ಬೆಳಿಗ್ಗೆ ಪಾತ್ರೆಯಲ್ಲಿ ನಡುಗುತ್ತ ನಿಂತಿರುತ್ತದಲ್ಲ, ಅದೇ ಇದು. ಚರ್ಮ, ಮೂಳೆಗಳಲ್ಲಿನ ಕೊಲಾಜನ್ ಮೂರೆಳೆಯ ಹುರಿ. ಬಿಸಿನೀರಿನಲ್ಲಿ ಬೆಂದಾಗ ಹುರಿ ಬಿಚ್ಚುತ್ತದೆ, ತಣಿದಾಗ ಎಳೆಗಳು ಅಲ್ಲಲ್ಲಿ ಮತ್ತೆ ಹೆಣೆದುಕೊಂಡು ನಡುವೆ ನೀರನ್ನು ಹಿಡಿದಿಡುತ್ತವೆ. (ಕಲ್ಲುಗಣಿಯ ಸುದ್ದಿಗಳಲ್ಲಿ ಓದುವ ಜಿಲೆಟಿನ್ ಕಡ್ಡಿಗೆ ಈ ಹೆಸರು ಬಂದದ್ದು ಒಳಗಿನ ಸ್ಫೋಟಕ ಜೆಲ್ಲಿಯಂತಿದ್ದುದರಿಂದ, ಅಡುಗೆಯ ಜಿಲೆಟಿನ್ನಿಗೂ ಅದಕ್ಕೂ ನಂಟಿಲ್ಲ.) ದನ, ಹಂದಿ, ಮೀನು, ಯಾವುದರಿಂದ ತೆಗೆದದ್ದು ಎಂದು ಪೊಟ್ಟಣದ ಮೇಲೆ ಓದಿಕೊಳ್ಳಬೇಕು. ಸಸ್ಯಾಹಾರದ ಮನೆಗೆ ಇದು ಸಲ್ಲದು. ಅಲ್ಲಿ ಅಗರ್ ಬಳಸುವುದು ಸರಿಯಾದ ಮಾರ್ಗವೇ. ಅದನ್ನು ಅದರ ಹೆಸರಿನಿಂದಲೇ ಕರೆದರೆ ಸಾಕು.

ಇನ್ನೊಂದು ಪಂಥ ಜಿಲೆಟಿನ್ನಿನಲ್ಲೇ ಆರೋಗ್ಯವಿದೆ ಎನ್ನುತ್ತದೆ. ಗಮ್ಮಿ ತಿಂದರೆ ಪೌಷ್ಟಿಕ ಪ್ರೋಟೀನು ಸಿಕ್ಕಿತೆಂದು ಮಕ್ಕಳ ತಟ್ಟೆಗೆ ಹಾಕುತ್ತದೆ. ಈ ಜಗಳ ಹೊಸದಲ್ಲ. 19ನೇ ಶತಮಾನದ ಆರಂಭದಲ್ಲಿ ಪ್ಯಾರಿಸ್ಸಿನ ರಸಾಯನಶಾಸ್ತ್ರಜ್ಞ ಡಾರ್ಸೆ, ಮೂಳೆಯಿಂದ ತೆಗೆದ ಜಿಲೆಟಿನ್ನಿನ ಸೂಪಿನಿಂದ ಆಸ್ಪತ್ರೆಯ ರೋಗಿಗಳನ್ನೂ ಬಡವರನ್ನೂ ಪೋಷಿಸಬಹುದೆಂದು ನಂಬಿ ಅದನ್ನು ಬಡಿಸುವ ಏರ್ಪಾಡು ಮಾಡಿದ್ದರು. ದೂರುಗಳು ಬಂದವು. ವಿಜ್ಞಾನ ಅಕಾಡೆಮಿ ಶರೀರಶಾಸ್ತ್ರಜ್ಞ ಫ್ರಾನ್ಸ್ವಾ ಮಜಾಂದಿಯ ಮುಂದಾಳತ್ವದಲ್ಲಿ ಆಯೋಗ ನೇಮಿಸಿತು. 1841ರ ವರದಿಯ ತೀರ್ಪು ಸ್ಪಷ್ಟವಿತ್ತು: ಬರೀ ಜಿಲೆಟಿನ್ ತಿಂದ ನಾಯಿಗಳು ಬದುಕಲಾರವು. ದೇಹಕ್ಕೆ ಹೊರಗಿನಿಂದಲೇ ಬರಬೇಕಾದ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಜಿಲೆಟಿನ್ನಿನಲ್ಲಿ ಇಲ್ಲವೇ ಇಲ್ಲ ಎಂಬ ಕಾರಣ ತಿಳಿದದ್ದು ಬಹಳ ಆಮೇಲೆ. ಮನೆಯ ಗಮ್ಮಿಯಲ್ಲಿ ಆರೋಗ್ಯವಿದ್ದರೆ ಅದು ಹಣ್ಣಿನಲ್ಲಿದೆ, ಅದೂ ಸೋಸದೆ ತಿರುಳು ಸಮೇತ ಹಾಕಿದಾಗ. ರಸ ಮಾತ್ರ ಸೋಸಿ ಹಾಕಿದರೆ ನಾರೆಲ್ಲ ಜರಡಿಯಲ್ಲೇ ಉಳಿಯಿತು, ಅಚ್ಚಿಗೆ ಇಳಿದದ್ದು ಸಕ್ಕರೆ ನೀರು.

ಅಳತೆಯನ್ನು ಹಳಬರಿಗೆ ಮತ್ತೆ ಹೇಳಬೇಕಿಲ್ಲ: ಒಂದು ಲೋಟ, ಅಂದರೆ 240 ಮಿಲಿಲೀಟರ್ ಹಣ್ಣಿನ ತಿರುಳಿಗೆ ಸುಮಾರು 25 ಗ್ರಾಂ ಜಿಲೆಟಿನ್. ತಣ್ಣಗಿನ ರಸದ ಮೇಲೆ ಉದುರಿಸಿ ಹತ್ತು ನಿಮಿಷ ನೆನೆಯಲು ಬಿಡುವ ಹೆಜ್ಜೆಯನ್ನು ಮಾತ್ರ ಯಾರೂ ಹಾರಿಸಬಾರದು. ಬಿಸಿ ರಸಕ್ಕೆ ನೇರ ಸುರಿದರೆ ಹರಳಿನ ಹೊರಮೈ ಅಂಟಾಗಿ ಒಳಗೆ ನೀರು ಹೋಗದೆ ಗಂಟು ಕಟ್ಟುತ್ತದೆ, ಆ ಗಂಟು ಒಡೆಯುವುದು ಕಷ್ಟ. ನೆಂದ ಮೇಲೆ ಸಣ್ಣ ಉರಿಯಲ್ಲಿ ಕರಗಿಸಿದರೆ ಸಾಕು, ಕುದಿಸಬಾರದು. ಮುರುಗಲು, ನೇರಳೆಯಂಥ ಹುಳಿ ಹಣ್ಣಾದರೆ ಇನ್ನೂ ಎಚ್ಚರ ಬೇಕು, ಹುಳಿಯೂ ಕಾವೂ ಸೇರಿದರೆ ಜಿಲೆಟಿನ್ನಿನ ಕಸುವು ಕುಗ್ಗುತ್ತದೆ. ಅಂಗಡಿಯ ಗಮ್ಮಿಯನ್ನು ತಿಂಗಳುಗಟ್ಟಲೆ ಕಾಯುವುದು ಅದರ ದಟ್ಟ ಸಕ್ಕರೆ ಪಾಕ. ಮನೆಯದರಲ್ಲಿ ಬಹುಪಾಲು ನೀರು, ಹಾಗಾಗಿ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಬೇಕು. ಪುಟ್ಟ ಮಕ್ಕಳಿಗೆ ಚಿಕ್ಕ ಚೂರು ಮಾಡಿಯೇ ಕೊಡಬೇಕು, ಗಂಟಲಿಗೆ ಸಿಕ್ಕುವ ತಿನಿಸು ಇದು.

ಇಷ್ಟು ಹೇಳಿದ ಮೇಲೆ ಅಗರ್‌ಗೆ ಸಲ್ಲಬೇಕಾದ್ದನ್ನೂ ಸಲ್ಲಿಸಬೇಕು. 1881ರ ಸುಮಾರಿಗೆ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯ ಸೇರಿದ್ದರು. ಬ್ಯಾಕ್ಟೀರಿಯಾ ಬೆಳೆಸಲು ಅಲ್ಲಿ ಬಳಸುತ್ತಿದ್ದದ್ದು ಜಿಲೆಟಿನ್. ಬೇಸಿಗೆ ಬಂದರೆ ಅದು ಕರಗುತ್ತಿತ್ತು. ಮನುಷ್ಯನ ರೋಗಾಣುಗಳಿಗೆ ಬೇಕಾದ 37 ಡಿಗ್ರಿಯಲ್ಲಂತೂ ನಿಲ್ಲುತ್ತಲೇ ಇರಲಿಲ್ಲ. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅನಾನಸ್ಸಿನಂತೆಯೇ ಅದನ್ನು ತಿಂದು ನೀರು ಮಾಡುತ್ತಿದ್ದವು. ವಾಲ್ಟರ್ ಅವರ ಹೆಂಡತಿ ಫ್ಯಾನಿ ಹೆಸ್ಸೆ ಗಂಡನ ಕೆಲಸದಲ್ಲಿ ನೆರವಾಗುತ್ತ, ಸೂಕ್ಷ್ಮಜೀವಿಗಳ ಚಿತ್ರಗಳನ್ನೂ ಬರೆಯುತ್ತಿದ್ದವರು. ಅವರ ಅಡುಗೆಮನೆಯ ಜೆಲ್ಲಿ ಮಾತ್ರ ಬೇಸಿಗೆಯಲ್ಲೂ ಅಲುಗದೆ ನಿಲ್ಲುತ್ತಿತ್ತು. ಗುಟ್ಟು ಅಗರ್. ನ್ಯೂಯಾರ್ಕಿನಲ್ಲಿ ಬೆಳೆದ ಫ್ಯಾನಿಗೆ ಅದನ್ನು ಹೇಳಿಕೊಟ್ಟದ್ದು, ಜಾವಾದಲ್ಲಿ ಬಾಳಿ ಬಂದಿದ್ದ ನೆರೆಮನೆಯವರು. 1882ರಲ್ಲಿ ಕ್ಷಯದ ರೋಗಾಣುವಿನ ಮೇಲೆ ಕಾಖ್ ಪ್ರಕಟಿಸಿದ ಬರಹದಲ್ಲಿ ಅಗರ್‌ನ ಪ್ರಸ್ತಾಪ ಚುಟುಕಾಗಿ ಬಂತು, ಫ್ಯಾನಿಯ ಹೆಸರು ಬರಲಿಲ್ಲ. ಐದು ವರ್ಷದ ಬಳಿಕ ಬಂದ, ಬ್ಯಾಕ್ಟೀರಿಯಾ ಬೆಳೆಸುವ ಗಾಜಿನ ತಟ್ಟೆ ಇಂದಿಗೂ ಅದನ್ನು ರೂಪಿಸಿದ ಪೆಟ್ರಿಯ ಹೆಸರಿನಲ್ಲಿದೆ. ಆ ತಟ್ಟೆಯೊಳಗೆ ತುಂಬುವುದು ಫ್ಯಾನಿಯ ಅಗರ್.

ಕಾಖ್ ಪ್ರಯೋಗಾಲಯದ ಕಷ್ಟ ಮೇ ತಿಂಗಳಲ್ಲಿ ರಾಯಚೂರಿನ ಪ್ರತಿ ಅಡುಗೆಮನೆಯ ಕಷ್ಟವೂ ಹೌದು. ಹೊರಗೆ 40 ಡಿಗ್ರಿ ಇರುವಾಗ ಜಿಲೆಟಿನ್ ಗಮ್ಮಿ ಡಬ್ಬಿಯಲ್ಲಿ ಹೊರಟರೆ ಊರು ದಾಟುವ ಮೊದಲೇ ಪಾನಕ. ಪ್ರಯಾಣಕ್ಕೆ ಅಗರ್ ಕಟ್ಟಿಕೊಡಿ: ಒಂದು ಲೋಟಕ್ಕೆ ಒಂದು ಚಮಚೆ ಪುಡಿ ಸಾಕು, ಆದರೆ ಇದನ್ನು ಎರಡು ನಿಮಿಷವಾದರೂ ಕುದಿಸಲೇಬೇಕು. ಮುರುಗಲಿನ ರಸವಾದರೆ ಅಗರನ್ನು ಅರ್ಧ ಲೋಟ ಬರೀ ನೀರಿನಲ್ಲಿ ಕುದಿಸಿ, ಒಲೆ ಆರಿಸಿದ ಮೇಲೆ, ಉಗುರು ಬೆಚ್ಚಗಿನ ಗಟ್ಟಿ ರಸವನ್ನು ಅರ್ಧ ಲೋಟ ಬೆರೆಸಿ. ಅಚ್ಚು ಮೊದಲೇ ಸಿದ್ಧವಿರಲಿ, ಅಗರ್ 40 ಡಿಗ್ರಿಗೆ ಇಳಿಯುವ ಹೊತ್ತಿಗೆ ಪಾತ್ರೆಯಲ್ಲೇ ಗಟ್ಟಿಯಾಗತೊಡಗುತ್ತದೆ.